ಡೆಟ್ರಾಯಿಟ್ ಮುಳುಗಿದ್ದು ಜಪಾನ್ ಕಾರುಗಳಿಂದಲಾ?

ನೀವು ಕೇಳಿದ್ದು ಎರಡು ವಿಷಯ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕೆಲಸ ಸಿಕ್ಕಿದೆ, ಆದರೆ ಯೂಟ್ಯೂಬ್‌ನಲ್ಲಿ ಡೆಟ್ರಾಯಿಟಿನ ಪಾಳುಮನೆಗಳನ್ನು ನೋಡಿ ಭಯ ಆಗ್ತಿದೆ, ಬರಬಹುದಾ ಅನ್ನೋದು ಒಂದು. ಅಷ್ಟು ದೊಡ್ಡ ಕಾರಿನ ಊರು ಜಪಾನ್ ಕಾರುಗಳ ಏಟಿಗೆ ಮುಳುಗಿತಂತೆ, ನಿಜವಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಧೈರ್ಯವಾಗಿ ಬನ್ನಿ. ಎರಡನೆಯದು ಅರ್ಧ ಸತ್ಯ. ಉಳಿದರ್ಧ ನನಗೂ ಇಲ್ಲಿಗೆ ಬಂದು ಸುಮಾರು ವರ್ಷ ಆದ ಮೇಲೇ ಗೊತ್ತಾಗಿದ್ದು.

ನನ್ನದು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಬಂದ ಮೊದಲ ವಾರ ಆಫೀಸಿನ ಹಿರಿಯರೊಬ್ಬರನ್ನು ನಿಮ್ಮೂರು ಯಾವುದು ಅಂತ ಕೇಳಿದೆ. ಅವರು ಬಲಗೈ ಎತ್ತಿ, ಹೆಬ್ಬೆರಳಿನ ಬುಡದ ಹತ್ತಿರ ಒತ್ತಿ 'ಇಲ್ಲಿ' ಅಂದರು. ಏನು, ಹಸ್ತರೇಖೆ ತೋರಿಸ್ತಿದ್ದಾರಾ ಅಂದುಕೊಂಡೆ. ಆಮೇಲೆ ತಿಳೀತು, ಈ ರಾಜ್ಯದ ಕೆಳಭಾಗ ಕೈಗವಸಿನ ಆಕಾರದಲ್ಲಿದೆ, ಇಲ್ಲಿಯವರಿಗೆಲ್ಲ ಅಂಗೈಯೇ ನಕ್ಷೆ. ಆ ಹೆಬ್ಬೆರಳಿನ ಬುಡ ಅಂದರೆ ಫ್ಲಿಂಟ್. ಅವರ ಮನೇಲಿ ಮೂರು ತಲೆಮಾರು ಕಾರ್ಖಾನೆಯವರೇ.

ಕಥೆ ಶುರುವಾಗೋದು ಡೆಟ್ರಾಯಿಟಿನ ಹೊಟ್ಟೆಯೊಳಗೇ ಇರುವ ಹೈಲ್ಯಾಂಡ್ ಪಾರ್ಕ್ ಅನ್ನೋ ಪುಟ್ಟ ಊರಿನಲ್ಲಿ. 1913ರಲ್ಲಿ ಹೆನ್ರಿ ಫೋರ್ಡ್ ಅಲ್ಲಿ ಓಡುವ ಅಸೆಂಬ್ಲಿ ಲೈನ್ ಹಾಕಿದ. ಹನ್ನೆರಡು ಗಂಟೆ ಹಿಡಿಯುತ್ತಿದ್ದ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಆದರೆ ದಿನವಿಡೀ ಅದೇ ಒಂದು ನಟ್ಟು ತಿರುಗಿಸೋ ಕೆಲಸಕ್ಕೆ ಬೇಸತ್ತು ಜನ ಬಿಟ್ಟು ಓಡುತ್ತಿದ್ದರು. ಅವರನ್ನು ಹಿಡಿದಿಡೋಕೆ 1914ರ ಜನವರಿಯಲ್ಲಿ ಕೂಲಿಯನ್ನು ದಿನಕ್ಕೆ 5 ಡಾಲರ್ ಮಾಡಿದ, ಹೆಚ್ಚು ಕಡಿಮೆ ಎರಡು ಪಟ್ಟು. ಸುಮ್ನೆ ಕೊಡಲಿಲ್ಲ. ಕಂಪನಿಯಲ್ಲಿ ಅದಕ್ಕೇ ಒಂದು ಇಲಾಖೆ ಇತ್ತು. ಅದರವರು ಕೆಲಸಗಾರನ ಮನೆಗೇ ಬಂದು, ಮನೆ ಚೊಕ್ಕಟವಾಗಿದೆಯಾ, ಕುಡೀತಾನಾ, ದುಡ್ಡು ಉಳಿಸ್ತಾನಾ ಅಂತ ವಿಚಾರಿಸಿ, ಎಲ್ಲ ಸರಿ ಇದ್ದರೆ ಮಾತ್ರ ಪೂರ್ತಿ ಐದು ಡಾಲರ್. ಮ್ಯಾನೇಜರ್ ಬಂದು ನಿಮ್ಮ ಅಡುಗೆಮನೆ ನೋಡಿ ಸಂಬಳ ಗೊತ್ತು ಮಾಡಿದ ಹಾಗೆ!

ಆದರೂ ಜನ ಬಂದರು. ಪೋಲೆಂಡಿನಿಂದ, ಲೆಬನಾನ್‌ನಿಂದ, ದಕ್ಷಿಣದ ಹತ್ತಿ ಹೊಲ ಬಿಟ್ಟ ಕಪ್ಪು ಜನ. ಡೆಟ್ರಾಯಿಟಿನ ಜನಸಂಖ್ಯೆ 1910ರಲ್ಲಿ 4.66 ಲಕ್ಷ, 1950ರಲ್ಲಿ 18.5 ಲಕ್ಷ. ಫೋರ್ಡ್‌ನ ರೂಜ್ ಕಾರ್ಖಾನೆಯಲ್ಲಿ ಕಪ್ಪು ಕೆಲಸಗಾರರಿಗೂ ಕೆಲಸ ಸಿಗುತ್ತಿತ್ತು, ಆದರೆ ಹೆಚ್ಚಿನವರನ್ನು ಹಾಕಿದ್ದು ಕಾದ ಕಬ್ಬಿಣ ಎರೆಯುವ ಫೌಂಡ್ರಿಗೆ.

ಇನ್ನು ನಮ್ಮ ಹಿರಿಯರ ಫ್ಲಿಂಟ್. 1936ರ ಡಿಸೆಂಬರ್ 30ಕ್ಕೆ ಅಲ್ಲಿ ಜನರಲ್ ಮೋಟಾರ್ಸ್ ಕೆಲಸಗಾರರು ಮುಷ್ಕರ ಹೂಡಿದರು. ಗೇಟಿನ ಹೊರಗಲ್ಲ, ಒಳಗೇ ಯಂತ್ರಗಳ ಪಕ್ಕ ಕೂತುಬಿಟ್ಟರು. ಹೊರಗೆ ನಿಂತಿದ್ದರೆ ಬೇರೆಯವರನ್ನು ಕರೆಸಿ ಲೈನ್ ಓಡಿಸಬಹುದಿತ್ತು. ಒಳಗೇ ಕೂತರೆ ಏನು ಮಾಡ್ತೀರಿ? ಮಲಗೋಕೆ ಒಳಗೆ ಕಾರಿನ ಸೀಟುಗಳಿದ್ದವು, ಊಟ ಹೊರಗಿನಿಂದ ಬರುತ್ತಿತ್ತು. ಗವರ್ನರ್ ಫ್ರಾಂಕ್ ಮರ್ಫಿ ನ್ಯಾಷನಲ್ ಗಾರ್ಡ್ ಅನ್ನೋ ರಾಜ್ಯದ ಮೀಸಲು ಸೈನ್ಯ ಕಳಿಸಿದ, ಆದರೆ ಅವರನ್ನು ಎಬ್ಬಿಸೋಕೆ ಬಳಸಲಿಲ್ಲ. 44 ದಿನ ಆದ ಮೇಲೆ ಕಂಪನಿ ಯುಎಡಬ್ಲ್ಯು ಅನ್ನೋ ಕಾರು ಕೆಲಸಗಾರರ ಸಂಘಕ್ಕೆ ಮಣಿಯಿತು. ಶಾಲೆ ಮುಗಿಸಿದ ಹುಡುಗ ಲೈನಿಗೆ ಸೇರಿ, ಸ್ವಂತ ಮನೆ, ಪಿಂಚಣಿ, ಉತ್ತರದ ಕೆರೆ ದಂಡೆಯಲ್ಲಿ ಒಂದು ಕ್ಯಾಬಿನ್ ಮಾಡಿಕೊಳ್ಳುವ ಕಾಲ ಬಂದದ್ದು ಇದರಿಂದ. ಸುಮ್ನೆ ಕಂಪನಿಯ ದೊಡ್ಡ ಮನಸ್ಸಿನಿಂದ ಬಂದದ್ದಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 1947ರಿಂದ 1963ರ ಒಳಗೆ ಡೆಟ್ರಾಯಿಟ್ ನಗರ ಕಳೆದುಕೊಂಡ ಕಾರ್ಖಾನೆ ಕೆಲಸಗಳು 1,34,000. ವರ್ಷ ಗಮನಿಸಿ. ಟೊಯೋಟ ಅಮೆರಿಕದಲ್ಲಿ ಕಾರು ಮಾರೋಕೆ ಶುರು ಮಾಡಿದ್ದೇ 1958ರಲ್ಲಿ, ಆ ವರ್ಷ ಮುನ್ನೂರು ಕಾರೂ ಮಾರಲಿಲ್ಲ. ಹಾಗಾದರೆ ಕೆಲಸ ಹೋಗಿದ್ದೆಲ್ಲಿಗೆ? ಒಂದಷ್ಟನ್ನು ಹೊಸ ಯಂತ್ರಗಳು ನುಂಗಿದವು. ಉಳಿದದ್ದು ಜಾಸ್ತಿ ದೂರ ಹೋಗಲಿಲ್ಲ. ಊರೊಳಗಿನ ಹಳೇ ಮಹಡಿ ಕಾರ್ಖಾನೆಗಳಲ್ಲಿ ಉದ್ದನೆಯ ಲೈನ್ ಹಾಕೋಕೆ ಜಾಗ ಇರಲಿಲ್ಲ, ಹೊಸದಾಗಿ ಕಟ್ಟಿದ್ದೆಲ್ಲ ಊರಾಚೆಯ ಬಯಲಿನಲ್ಲಿ. ಕೆಲಸದ ಹಿಂದೆ ಬಿಳಿಯರೂ ಹೋದರು. ಕಪ್ಪು ಜನ ಹೋಗೋ ಹಾಗಿರಲಿಲ್ಲ.

ಯಾಕೆ ಅಂತ ಕೇಳಿದರೆ ನಾನು ಎಲ್ಲರಿಗೂ ಒಂದು ಗೋಡೆ ತೋರಿಸ್ತೀನಿ. ನಗರದ ಉತ್ತರದ ಗಡಿ ಏಯ್ಟ್ ಮೈಲ್ ರಸ್ತೆ. ಅದರಿಂದ ದಕ್ಷಿಣಕ್ಕೆ, ಮನೆಗಳ ಹಿತ್ತಲು ಸಾಲಿನಲ್ಲಿ, ಆರು ಅಡಿ ಎತ್ತರದ ಕಾಂಕ್ರೀಟ್ ಗೋಡೆ ಅರ್ಧ ಮೈಲಿ ಓಡುತ್ತದೆ. ಕಟ್ಟಿದ್ದು 1941ರಲ್ಲಿ. ಬಿಲ್ಡರ್ ಒಬ್ಬನಿಗೆ ಅಲ್ಲಿ ಬಿಳಿಯರಿಗಾಗಿ ಬಡಾವಣೆ ಮಾಡಬೇಕಿತ್ತು. ಪಕ್ಕದಲ್ಲೇ ಕಪ್ಪು ಜನರ ಕೇರಿ ಇದೆ ಅಂತ ಕೇಂದ್ರ ಸರ್ಕಾರದ ಗೃಹಸಾಲ ಇಲಾಖೆ ಸಾಲಕ್ಕೆ ಗ್ಯಾರಂಟಿ ಕೊಡಲಿಲ್ಲ. ನಡುವೆ ಗೋಡೆ ಎಬ್ಬಿಸಿದ, ಗ್ಯಾರಂಟಿ ಸಿಕ್ಕಿತು. ಅಷ್ಟೇ ಕಥೆ. ನಾನು ನೋಡಲು ಹೋದಾಗ ಏನೋ ಕೋಟೆ ಥರ ಇರುತ್ತೆ ಅಂದುಕೊಂಡಿದ್ದೆ. ಪಾರ್ಕಿನ ಕಡೆ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ಬಾಕಿ ಕಡೆ ನಮ್ಮ ಲೇಔಟುಗಳ ಕಾಂಪೌಂಡ್ ಗೋಡೆ ಇದ್ದ ಹಾಗೇ ಇದೆ. ನನ್ನ ಮಗ ಎಗರಿ ಮೇಲೆ ಕೂತುಕೊಂಡ. ಒಬ್ಬ ಹುಡುಗ ಹತ್ತಬಹುದಾದ ಗೋಡೆ, ಆದರೆ ಒಂದು ಕಡೆ ಬ್ಯಾಂಕ್ ಸಾಲ ಕೊಡುತ್ತಿತ್ತು, ಇನ್ನೊಂದು ಕಡೆ ಇಲ್ಲ.

ಆಮೇಲೆ ಹೆದ್ದಾರಿ ಬಂತು. ಕಪ್ಪು ಜನರ ಅಂಗಡಿ, ಸಂಗೀತದ ಕ್ಲಬ್ಬು, ಚರ್ಚುಗಳಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿಯನ್ನು ಕೆಡವಿ, ಅದರ ಮೇಲೆ ಉಪನಗರದವರು ಬೇಗ ಆಫೀಸಿಗೆ ಬರಲಿ ಅಂತ ರಸ್ತೆ ಹಾಕಿದರು. 1967ರ ಜುಲೈ ಗಲಭೆಯಲ್ಲಿ 43 ಜನ ಸತ್ತರು. ಅದಾದ ಮೇಲೇ ಬಿಳಿಯರು ಊರು ಬಿಟ್ಟರು ಅಂತ ಇಲ್ಲಿ ಹೇಳೋದು ರೂಢಿ. ಆದರೆ 1960ರ ಜನಗಣತಿಯಲ್ಲೇ ಜನಸಂಖ್ಯೆ 16.7 ಲಕ್ಷಕ್ಕೆ ಇಳಿದಾಗಿತ್ತು. ಗಲಭೆ ಆ ಓಟಕ್ಕೆ ಇನ್ನಷ್ಟು ವೇಗ ಕೊಟ್ಟಿತು, ನಿಜ.

ಕೊನೇ ಬೀಗ ಹಾಕಿದ್ದು ಸುಪ್ರೀಂ ಕೋರ್ಟ್ ಅಂತ ನನ್ನ ಅಭಿಪ್ರಾಯ. ನಗರದ ಮತ್ತು ಉಪನಗರದ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಒಟ್ಟಿಗೆ ಓದಿಸಬೇಕು ಅಂತ ಕೆಳಗಿನ ಕೋರ್ಟು ಹೇಳಿತ್ತು. 1974ರಲ್ಲಿ ಮಿಲಿಕನ್ ವಿರುದ್ಧ ಬ್ರಾಡ್ಲಿ ಮೊಕದ್ದಮೆಯಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಅದು ಬಿದ್ದುಹೋಯಿತು. ಗಡಿ ದಾಟಿ ಹೋದವರ ಶಾಲೆ ಅವರಿಗೇ ಉಳಿಯಿತು.

ಜಪಾನ್ ಏಟು ಸುಳ್ಳಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಸಣ್ಣ ಕಾರುಗಳು ಗೆದ್ದವು. ಹತ್ತು ವರ್ಷದೊಳಗೆ ಇಲ್ಲಿನ ಇನ್ನೊಂದು ದೊಡ್ಡ ಕಾರು ಕಂಪನಿ ಕ್ರೈಸ್ಲರ್ ನೆರವಿಗೆ ಸರ್ಕಾರದ ಬಾಗಿಲು ತಟ್ಟಿತು. ಆ ಸಿಟ್ಟು ತಿರುಗಿದ್ದು ಎತ್ತ ನೋಡಿ: 1982ರಲ್ಲಿ ವಿನ್ಸೆಂಟ್ ಚಿನ್ ಅನ್ನೋ ಚೀನೀ ಮೂಲದ ಯುವಕನನ್ನು ಇಬ್ಬರು ಕಾರ್ಖಾನೆಯವರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ರಾಜ್ಯದ ಕೋರ್ಟು ಕೊಟ್ಟದ್ದು ಮೂರು ವರ್ಷದ ಪ್ರೊಬೇಷನ್ (ಜೈಲಿಲ್ಲ, ಬರೀ ನಿಗಾ), 3,000 ಡಾಲರ್ ದಂಡ. ನಡೆದದ್ದು ಅದೇ ಹೈಲ್ಯಾಂಡ್ ಪಾರ್ಕ್‌ನಲ್ಲಿ. ನಮ್ಮ ಮುಖ ಹೊತ್ತು ಇಲ್ಲಿ ಬದುಕೋರು ಈ ಹೆಸರು ತಿಳಿದಿರಬೇಕು.

2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು, ಸರ್ಕಾರದ ದುಡ್ಡಿನಿಂದ ಎದ್ದವು. 2013ರಲ್ಲಿ ಡೆಟ್ರಾಯಿಟ್ ನಗರವೇ ಅರ್ಜಿ ಹಾಕಿತು, ಪಿಂಚಣಿದಾರರ ಹಣಕ್ಕೂ ಕತ್ತರಿ ಬಿತ್ತು.

ಫ್ಲಿಂಟ್ ಕಥೆ ಇನ್ನೂ ಕೆಟ್ಟದು. ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಗಾರರ ಕೈಯಲ್ಲಿದ್ದ ಊರು, ದುಡ್ಡು ಉಳಿಸೋಕೆ 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನದಿಯ ನೀರು ಕುಡಿಯೋಕೆ ಶುರು ಮಾಡಿತು. ಪೈಪು ತುಕ್ಕು ಹಿಡಿಯದ ಹಾಗೆ ಸೇರಿಸಬೇಕಾದ ರಾಸಾಯನಿಕ ಸೇರಿಸಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಅಲ್ಲಿನ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆ ಆ ನೀರನ್ನು ಬಿಟ್ಟಿತು, ಬಿಡಿಭಾಗಗಳು ತುಕ್ಕು ಹಿಡಿಯುತ್ತವೆ ಅಂತ. ಜನ ಅದನ್ನೇ ಇನ್ನೊಂದು ವರ್ಷ ಕುಡಿದರು. ಮಕ್ಕಳ ರಕ್ತದಲ್ಲಿ ಸೀಸ ಏರಿದೆ ಅಂತ ಡಾಕ್ಟರ್ ಮೋನಾ ಹನ್ನಾ-ಅಟಿಷಾ ಲೆಕ್ಕ ಸಮೇತ ತೋರಿಸಿದ ಮೇಲೇ ಅದು ನಿಂತದ್ದು. ಎಂಜಿನ್ನಿಗೆ ಆಗದ ನೀರು, ಅಂತ ಹಿರಿಯರು ಈಗಲೂ ಅಷ್ಟೇ ಹೇಳಿ ಸುಮ್ಮನಾಗ್ತಾರೆ.

ಈಗ ಪರವಾಗಿಲ್ಲ. 1988ರಿಂದ ಪಾಳುಬಿದ್ದಿದ್ದ ದೊಡ್ಡ ರೈಲು ನಿಲ್ದಾಣವನ್ನು ಫೋರ್ಡ್ ಕೊಂಡು ರಿಪೇರಿ ಮಾಡಿ 2024ರಲ್ಲಿ ತೆರೆಯಿತು. ನಿಮ್ಮ ಯೂಟ್ಯೂಬ್ ವಿಡಿಯೋದಲ್ಲಿ ಕಂಡಿರೋ ಗಾಜಿಲ್ಲದ ಕಿಟಕಿಗಳ ಕಟ್ಟಡ ಬಹುಶಃ ಅದೇ.

ಆದರೆ ನೀವು ಬರೋದು ಅಲ್ಲಿಗಲ್ಲ ಬಿಡಿ. ಬಂದ ವಾರವೇ ಆಫೀಸಿನ ಕನ್ನಡದವರು ಹೇಳ್ತಾರೆ: ನೋವೈ, ಟ್ರಾಯ್, ಕ್ಯಾಂಟನ್ ಕಡೆ ಮನೆ ನೋಡಿ, ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಆಯಾ ಊರಿನವರಿಗೆ ಅಂತ ಇರೋ ಶಾಲೆಗಳು, ಚೆನ್ನಾಗಿದೆ. ಮೂರೂ ಡೆಟ್ರಾಯಿಟಿನ ಗಡಿಯಾಚೆ. ನನಗೂ ಹಾಗೇ ಹೇಳಿದ್ದರು. ಮಗನ ಸ್ಕೂಲಿನ ರೇಟಿಂಗ್ ನೋಡಿಯೇ ನಾನೂ ಮನೆ ತಗೊಂಡಿದ್ದು.