ಸಭೆಯಿಂದ ಒಪ್ಪಂದದವರೆಗಿನ ದಾರಿಯನ್ನು ತೋರಿಸಿ

ಪ್ರಿಯ ಲೇಖಕರಿಗೆ,

ನಮಸ್ಕಾರ. ನೀವು ಕಳುಹಿಸಿದ ‘ಮುಚ್ಚಿದ ಬಾಗಿಲ ಆಳ್ವಿಕೆ’ ಲೇಖನವನ್ನು ಎರಡು ಬಾರಿ ಓದಿದೆ. ಬಿಲ್ಡರ್‌ಬರ್ಗ್ ಸಭೆ, ಟ್ರೈಲ್ಯಾಟರಲ್ ಕಮಿಷನ್ ಮುಂತಾದ, ರಾಜಕಾರಣಿಗಳೂ ಉದ್ಯಮಿಗಳೂ ಖಾಸಗಿಯಾಗಿ ಸೇರಿ ಮಾತಾಡುವ ಗಣ್ಯರ ಕೂಟಗಳೇ ಎರಡನೇ ಮಹಾಯುದ್ಧದ ನಂತರದ ಪಾಶ್ಚಾತ್ಯ ಮೈತ್ರಿಗಳನ್ನೆಲ್ಲ ತೀರ್ಮಾನಿಸಿದವು, ಸರ್ಕಾರಗಳು ಸಹಿ ಹಾಕಿದ್ದಷ್ಟೇ ಎಂಬುದು ನಿಮ್ಮ ವಾದ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ನೀವು ಕೈಗೆತ್ತಿಕೊಂಡ ವಿಷಯ ನಿಜಕ್ಕೂ ಮುಖ್ಯವಾದುದು, ನಿಮ್ಮ ಭಾಷೆಯಲ್ಲಿ ಕಸುವಿದೆ. ಆದ್ದರಿಂದ ಒಂದು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಮೂರನೆಯ ಪುಟದಲ್ಲಿ ನೀವು ಬರೆದಿರುವುದು ಹೀಗಿದೆ: “1991ರಲ್ಲಿ ಬಿಲ್ ಕ್ಲಿಂಟನ್ ಬಿಲ್ಡರ್‌ಬರ್ಗ್ ಸಭೆಗೆ ಹೋದರು, ಮರುವರ್ಷ ಅಧ್ಯಕ್ಷರಾಗಿ ಆಯ್ಕೆಯಾದರು. 1993ರಲ್ಲಿ ಟೋನಿ ಬ್ಲೇರ್ ಹೋದರು, 1997ರಲ್ಲಿ ಪ್ರಧಾನಿಯಾದರು. ಇನ್ನೇನು ಸಾಕ್ಷಿ ಬೇಕು?” ಈ ನಾಲ್ಕೂ ಸಂಗತಿಗಳು ನಿಜ, ಅವುಗಳಿಂದ ನೀವು ತೆಗೆದ ತೀರ್ಮಾನ ಮಾತ್ರ ಕಾಗೆ ಕೂತದ್ದಕ್ಕೇ ಕೊಂಬೆ ಮುರಿಯಿತು ಎಂದಂತಿದೆ. ಮುಂದೆ ಬರುವ ಲಕ್ಷಣವಿರುವವರನ್ನು ಗುರುತಿಸಿ ಕರೆಯುವುದು ಇಂಥ ಕೂಟಗಳ ರೂಢಿ. ಹಾಗೆ ಕರೆಸಿಕೊಂಡೂ ಯಾವ ಗದ್ದುಗೆಯನ್ನೂ ಏರದೆ ಉಳಿದವರು ಬಹಳ ಮಂದಿ. ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗೆದ್ದ ಇಬ್ಬರನ್ನಷ್ಟೇ ಮುಂದೆ ನಿಲ್ಲಿಸಿದರೆ ಓದುಗರಿಗೆ ಅರ್ಧ ಲೆಕ್ಕ ಕೊಟ್ಟಂತಾಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ನಿಮ್ಮ ಲೇಖನದ ಆರಂಭದಲ್ಲೇ ಇದೆ. 1954ರ ಮೇ ತಿಂಗಳ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಓಸ್ಟರ್‌ಬೇಕ್‌ನಲ್ಲಿರುವ ಬಿಲ್ಡರ್‌ಬರ್ಗ್ ಹೋಟೆಲಿನಲ್ಲಿ ಮೊದಲ ಸಭೆ ಸೇರಿತೆಂದು ಹೇಳಿ, ಅಲ್ಲಿಂದ ನೇರವಾಗಿ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಹುಟ್ಟುಹಾಕಿದ 1957ರ ರೋಮ್ ಒಪ್ಪಂದಕ್ಕೆ ಜಿಗಿದುಬಿಟ್ಟಿದ್ದೀರಿ. ನಡುವಿನ ಮೂರು ವರ್ಷಗಳಲ್ಲೇ ನಿಮ್ಮ ನಿಜವಾದ ಲೇಖನವಿತ್ತು. ಪೋಲೆಂಡ್ ಮೂಲದ ರೆಟಿಂಗರ್ ಮತ್ತು ನೆದರ್ಲೆಂಡ್ಸ್‌ನ ರಾಜಕುಮಾರ ಬರ್ನ್‌ಹಾರ್ಡ್ ಆ ಸಭೆಯನ್ನು ಸೇರಿಸಿದ್ದು ಪಶ್ಚಿಮ ಯುರೋಪಿನಲ್ಲಿ ಅಮೆರಿಕದ ಬಗ್ಗೆ ಬೆಳೆಯುತ್ತಿದ್ದ ಅಸಮಾಧಾನವನ್ನು ತಗ್ಗಿಸುವುದಕ್ಕೆ. ಪಶ್ಚಿಮ ಜರ್ಮನಿಯೂ ಸೇರಿದಂತೆ ಯುರೋಪಿನ ಆರು ದೇಶಗಳ ಸೇನೆಗಳನ್ನು ಒಂದುಗೂಡಿಸುವ ಯುರೋಪಿಯನ್ ರಕ್ಷಣಾ ಸಮುದಾಯದ ಯೋಜನೆ ಅಂದಿನ ಚರ್ಚಾವಿಷಯಗಳಲ್ಲಿ ಒಂದಾಗಿತ್ತು. ಮೂರು ತಿಂಗಳು ಕಳೆದು ಆಗಸ್ಟ್ 30ರಂದು ಫ್ರಾನ್ಸಿನ ಸಂಸತ್ತು ಅದೇ ಯೋಜನೆಯನ್ನು 264ಕ್ಕೆ ವಿರುದ್ಧವಾಗಿ 319 ಮತಗಳಿಂದ ಬದಿಗೆ ಸರಿಸಿತು. ಗಣ್ಯರು ಸೇರಿ ಮಾತಾಡಿದರೆ ಸಾಕು, ಮೈತ್ರಿ ಕುದುರುತ್ತದೆ ಎನ್ನುವುದಾದರೆ ಈ ಮತದಾನವನ್ನು ನೀವು ಹೇಗೆ ವಿವರಿಸುತ್ತೀರಿ? ಮುಂದೆ ಪಶ್ಚಿಮ ಜರ್ಮನಿ 1955ರಲ್ಲಿ ಪಾಶ್ಚಾತ್ಯ ಸೇನಾ ಮೈತ್ರಿಕೂಟವಾದ ನ್ಯಾಟೊ ಸೇರಿದ್ದು ಬ್ರಿಟನ್ನಿನ ವಿದೇಶಾಂಗ ಸಚಿವ ಈಡನ್ ರಾಜಧಾನಿಯಿಂದ ರಾಜಧಾನಿಗೆ ಓಡಾಡಿ, ಸರ್ಕಾರಗಳ ನಡುವೆಯೇ ಹೊಸೆದ ಒಪ್ಪಂದದಿಂದ. ಈ ಸೋಲನ್ನೂ ಈ ಓಡಾಟವನ್ನೂ ಬಿಟ್ಟು ಬರೆದದ್ದರಿಂದ ನಿಮ್ಮ ವಾದಕ್ಕೆ ಬಲ ಬರಲಿಲ್ಲ, ತಿಳಿದ ಓದುಗರ ನಂಬಿಕೆ ಮಾತ್ರ ಕಳೆದುಹೋಗುತ್ತದೆ.

ಹಾಗೆಂದು ಇಂಥ ಕೂಟಗಳಿಗೆ ಪ್ರಭಾವವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರಭಾವ ಇದೆ, ಅದು ಆಜ್ಞೆಯ ರೂಪದಲ್ಲಿಲ್ಲ, ಪರಿಚಯದ ರೂಪದಲ್ಲಿದೆ. ಟ್ರೈಲ್ಯಾಟರಲ್ ಕಮಿಷನ್ 1973ರಲ್ಲಿ ಹುಟ್ಟಿತು. ಅದರ ಸದಸ್ಯರಾಗಿದ್ದ ಜಿಮ್ಮಿ ಕಾರ್ಟರ್ 1977ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರಕ್ಕೆ ಬಂದಾಗ ಉಪಾಧ್ಯಕ್ಷ ಮಾಂಡೇಲ್, ವಿದೇಶಾಂಗ ಕಾರ್ಯದರ್ಶಿ ವ್ಯಾನ್ಸ್, ರಕ್ಷಣಾ ಕಾರ್ಯದರ್ಶಿ ಬ್ರೌನ್, ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ ಎಲ್ಲರೂ ಅದೇ ಬಳಗದಿಂದ ಬಂದವರಾಗಿದ್ದರು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಒಂದೂವರೆ ಸಾಲು. ಯಾರು ಯಾರನ್ನು ಬಲ್ಲರು, ಹುದ್ದೆಗೆ ಹೆಸರು ಹುಡುಕುವಾಗ ಯಾರು ಮೊದಲು ನೆನಪಿಗೆ ಬರುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯಬಹುದಿತ್ತು. ಅದೇ ಕಾರ್ಟರ್ 1978ರಲ್ಲಿ ನ್ಯೂಟ್ರಾನ್ ಬಾಂಬ್ ಯೋಜನೆಯಿಂದ ಹಿಂದೆ ಸರಿದಾಗ ಅದನ್ನು ಬೆಂಬಲಿಸಿದ್ದ ಪಶ್ಚಿಮ ಜರ್ಮನಿಯ ಚಾನ್ಸಲರ್ ಸ್ಮಿತ್ ಕೆರಳಿದ್ದನ್ನೂ ಬರೆಯಬೇಕಿತ್ತು, ಏಕೆಂದರೆ ಪರಿಚಯದ ಬಲ ಎಲ್ಲಿಗೆ ಮುಗಿಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

‘ಗುಪ್ತ’ ಎಂಬ ಪದ ಒಂದೇ ಪುಟದಲ್ಲಿ ಎಂಟು ಬಾರಿ ಬಂದಿದೆ; ಅಷ್ಟಕ್ಕೂ ಕೆಂಪು ಗೆರೆ ಎಳೆದಿದ್ದೇನೆ. ಬಿಲ್ಡರ್‌ಬರ್ಗ್ ಸಂಘಟಕರು ಇಂದು ಅತಿಥಿಗಳ ಹೆಸರನ್ನೂ ಚರ್ಚಾವಿಷಯಗಳನ್ನೂ ತಾವೇ ಪ್ರಕಟಿಸುತ್ತಾರೆ. ಮುಚ್ಚಿಡುವುದು ಯಾರು ಏನು ಹೇಳಿದರು ಎಂಬುದನ್ನು. ಕೇಳಿದ ಮಾತನ್ನು ಬಳಸಬಹುದು, ಆಡಿದವರ ಗುರುತು ಹೇಳಕೂಡದು ಎಂಬ ಆ ಕಟ್ಟುಪಾಡಿಗೆ ಚಾಥಮ್ ಹೌಸ್ ನಿಯಮವೆಂದು ಹೆಸರು. ಅದು 1927ರಷ್ಟು ಹಳೆಯದು. ನಿಮ್ಮ ಸಿಟ್ಟಿಗೆ ನ್ಯಾಯವಾದ ನೆಲೆ ಸಿಗುವುದು ಇಲ್ಲಿಯೇ: ಜನರಿಂದ ಆರಿಸಿಬಂದ ಸಚಿವರು ‘ಖಾಸಗಿಯಾಗಿ’ ಹೋಗಿ, ಬ್ಯಾಂಕು ಮತ್ತು ಕಂಪನಿಗಳ ಮುಖ್ಯಸ್ಥರೊಡನೆ ಮೂರು ದಿನ ಕೂತು, ಮರಳಿ ಬಂದು ಯಾರಿಗೂ ವರದಿ ಒಪ್ಪಿಸದಿರುವುದು ಸರಿಯೇ? 2013ರಲ್ಲಿ ವಾಟ್‌ಫರ್ಡ್‌ನಲ್ಲಿ ಸಭೆ ನಡೆದಾಗ ಸಂಸದ ಮೈಕೆಲ್ ಮೀಚರ್ ಈ ವಿಷಯವನ್ನು ಬ್ರಿಟನ್ನಿನ ಸಂಸತ್ತಿನಲ್ಲೇ ಎತ್ತಿದರು. ಸಚಿವ ಕೆನೆತ್ ಕ್ಲಾರ್ಕ್ ಉತ್ತರಿಸಿದರು. ಸಂಸತ್ತಿನ ಕಲಾಪದ ದಾಖಲೆ ಎಲ್ಲರಿಗೂ ತೆರೆದಿದೆ. ಅದನ್ನು ಓದದೆ ‘ಯಾರೂ ಪ್ರಶ್ನಿಸುವ ಧೈರ್ಯ ಮಾಡಿಲ್ಲ’ ಎಂದು ಬರೆದಿರುವುದು ನನಗೆ ನೋವು ತಂದಿತು.

ಮತ್ತೆ ಬರೆಯುವುದಾದರೆ ಎಲ್ಲ ಕೂಟಗಳನ್ನೂ ಬಿಟ್ಟು ಒಬ್ಬ ವ್ಯಕ್ತಿಯನ್ನು ಹಿಡಿಯಿರಿ. ಡೆನಿಸ್ ಹೀಲಿ 1954ರ ಮೊದಲ ಸಭೆಯಲ್ಲಿದ್ದರು, ಆಗ ಅವರು ವಿರೋಧ ಪಕ್ಷದ ಒಬ್ಬ ಸಂಸದ. ಹತ್ತು ವರ್ಷಗಳ ನಂತರ ಬ್ರಿಟನ್ನಿನ ರಕ್ಷಣಾ ಸಚಿವರಾದರು. 1966ರಲ್ಲಿ ನ್ಯಾಟೊದ ಅಣ್ವಸ್ತ್ರ ಯೋಜನಾ ಗುಂಪು ರೂಪುಗೊಂಡಾಗಲೂ ಅದೇ ಹುದ್ದೆಯಲ್ಲಿದ್ದರು. ಆ ಹತ್ತು ವರ್ಷಗಳ ಒಡನಾಟ ಆಮೇಲಿನ ಮಾತುಕತೆಗೆ ಎಲ್ಲಿ ನೆರವಾಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು ಅವರ ಆತ್ಮಕಥೆ ಮತ್ತು ಅಂದಿನ ಸರ್ಕಾರಿ ಕಡತಗಳಿಂದ ಹುಡುಕಿ ತೆಗೆಯಿರಿ. ಏನೂ ಸಿಗದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ.

ಗೆರೆ ಎಳೆದ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ಎರಡನೆಯ ಪುಟದ ಕೊನೆಯ ಪ್ಯಾರಾವನ್ನು ಮುಟ್ಟಿಲ್ಲ, ಅದು ಚೆನ್ನಾಗಿದೆ. ಹೊಸ ಕರಡು ಸಿದ್ಧವಾದಾಗ ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ