ಮಾವನ ಒಂದು ವರ್ಷ, ಅಪ್ಪನ ಮನೆ

ಪ್ರಶ್ನೆ: ನನಗೆ 25 ವರ್ಷ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪೀಣ್ಯದಲ್ಲಿ 32 ಸಾವಿರ ಸಂಬಳಕ್ಕಿದ್ದೇನೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿಗೂ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಕೋರ್ಸಿಗೂ ಸೀಟು ಸಿಕ್ಕಿದೆ. ಇಂಗ್ಲೆಂಡಿಗಾದರೆ 38 ಲಕ್ಷ ಸಾಲ ಬೇಕು. ತರೀಕೆರೆಯ ಮನೆ ಅಡಮಾನ ಇಡಲು ಅಪ್ಪ ಸಿದ್ಧ. ‘ಬೇಗ ಮುಗಿಸಿ ಬೇಗ ದುಡಿ’ ಅನ್ನುತ್ತಾರೆ ಸೋದರಮಾವ. ಎರಡು ವರ್ಷ ಅಂದರೆ ಮದುವೆ ತಡವಾಗುತ್ತೆ ಅಂತ ಅಮ್ಮ. ಏನು ಮಾಡಲಿ?

ಉತ್ತರ: ನಿಮ್ಮ ಮಾವ ವರ್ಷ ಎಣಿಸಿದ್ದಾರೆ, ಕಂತು ಎಣಿಸಿಲ್ಲ. 38 ಲಕ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿ, ಹತ್ತು ವರ್ಷದ ಅವಧಿ ಹಿಡಿದರೆ ತಿಂಗಳಿಗೆ 51 ಸಾವಿರ. ಓದುವಾಗ ಏರುವ ಬಡ್ಡಿ ಬೇರೆ. ಅಲ್ಲೇ ಕೆಲಸ ಸಿಕ್ಕರೆ ತೀರೀತು. ಸಿಗದೆ ಮತ್ತೆ ಪೀಣ್ಯಕ್ಕೇ ಬಂದರೆ? ಇಡೀ ಸಂಬಳ ಸುರಿದರೂ ಸಾಲದು, ಮನೆ ಮಾತ್ರ ಬ್ಯಾಂಕಿನ ಕೈಲಿರುತ್ತದೆ.

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ನಿಮ್ಮದು ಯಾವ ಊರೆಂದು ಬರೆದಿಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಕಡೆಯಾದರೆ ಸೆಮಿಸ್ಟರಿಗೆ 1,500 ಯೂರೋ ಇದೆ, ನೋಡಿಕೊಳ್ಳಿ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. ಅದು ಫೀಸಲ್ಲ, ತಿಂಗಳಿಗೆ 992ರಂತೆ ನಿಮ್ಮ ಊಟ, ಬಾಡಿಗೆಗೇ ವಾಪಸ್ ಬರುತ್ತದೆ. ಎರಡು ವರ್ಷಕ್ಕೆ ಸುಮಾರು 25 ಲಕ್ಷ. ಇಂಗ್ಲೆಂಡಿಗಿಂತ ಒಂದು ವರ್ಷದ ಸಂಬಳ ಹೆಚ್ಚು ತಪ್ಪುತ್ತದೆ, ನಿಜ, ನಾಲ್ಕು ಲಕ್ಷದಷ್ಟು. ಆದರೆ ಅದಕ್ಕೆ ಯಾರೂ ಬಡ್ಡಿ ಕೇಳುವುದಿಲ್ಲ. ಎರಡನೇ ವರ್ಷದ ಸಾಲದ ಹಣವನ್ನು ಆ ವರ್ಷ ಬಂದಾಗಲೇ ಬ್ಯಾಂಕಿನಿಂದ ತೆಗೆಯಿರಿ. ತೆಗೆದ ಹಣಕ್ಕಷ್ಟೇ ಬಡ್ಡಿ.

ನನಗೆ ಭಯವಿರುವುದು ಬೇರೆ ಕಡೆ. ಅಲ್ಲಿ ನಾಲ್ಕು ಸೆಮಿಸ್ಟರ್ ಐದೋ ಆರೋ ಆಗುವುದು ಮಾಮೂಲು. ಪರೀಕ್ಷೆ ಕಷ್ಟ, ಥೀಸಿಸ್ ಎಳೆಯುತ್ತದೆ, ಜೊತೆಗೆ ಪಾರ್ಟ್‌ಟೈಮ್ ಸುಸ್ತು. ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಅವಕಾಶವಿದೆ. ಆ ಹಣವನ್ನು ಸಾಲದ ಲೆಕ್ಕಕ್ಕೆ ಸೇರಿಸಲೇಬೇಡಿ. ಇನ್ನೊಂದು ಸೆಮಿಸ್ಟರಿನ ಖರ್ಚನ್ನು, ಅಂದರೆ ಆರು ಲಕ್ಷವನ್ನು, ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೋಧನಾ ಶುಲ್ಕವಿಲ್ಲದ ಕಡೆಯಾದರೆ ಆಗಲೂ 38 ಲಕ್ಷ ಮುಟ್ಟುವುದಿಲ್ಲ.

ಮತ್ತೆ ಭಾಷೆ. ಕೋರ್ಸ್ ಇಂಗ್ಲಿಷಿನಲ್ಲಿರಬಹುದು, ಕಾರ್ಖಾನೆಯ ನೆಲದ ಮೇಲೆ ಮಾತಾಡುವುದು ಜರ್ಮನ್. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಆದರೆ ಆಗ ‘ಗೂಟೆನ್ ಟಾಗ್’ ಕಲಿಯಲು ಕೂತರೆ ತಡವಾಯಿತು. ಬೆಂಗಳೂರಿನಲ್ಲೇ ಇದ್ದೀರಿ, ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈಗಲೇ ಹೆಸರು ಕೊಡಿ.

ಅಮ್ಮನ ಆತಂಕಕ್ಕೆ ನನ್ನಲ್ಲಿ ಲೆಕ್ಕವಿಲ್ಲ. 51 ಸಾವಿರದ ಕಂತು ಹೊತ್ತು ಮದುವೆಯಾಗುವುದು ಎಷ್ಟು ಹಗುರ ಎಂದಷ್ಟೇ ಅವರನ್ನು ಕೇಳಿ. ಮಾವ ಮುಂದಿನ ಸಲ ಬಂದಾಗ ಕಾಫಿಯ ಜೊತೆ ಈ ಅಂಕಿಗಳ ಚೀಟಿಯನ್ನೂ ಮುಂದಿಡಿ.