ಸತ್ತು ತೇಲುವ ಮೀನನ್ನೇ ಕಾಯುತ್ತಾ ಕೂರಬೇಕೆ?

ರಾಯಚೂರು ಕಡೆಯ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ: ‘ಕಲ್ಲಿದ್ದಲು ಸ್ಥಾವರಗಳ ಬೂದಿ ನೀರಿನ ಬಗ್ಗೆ ಬರೆದು ಸುಮ್ನೆ ಜನರನ್ನು ಹೆದರಿಸಿದ್ದೀರಿ. ಹೊಳೆಯ ನೀರು ತಿಳಿಯಾಗಿಯೇ ಇದೆ. ಒಂದು ಮೀನಾದರೂ ಸತ್ತು ತೇಲಿದ್ದನ್ನು ನಾನು ಕಂಡಿಲ್ಲ. ನಿಮಗೇನು ಕರೆಂಟು ಬೇಡವೇ?’

ಬೇಕು ಸ್ವಾಮಿ, ಖಂಡಿತ ಬೇಕು. ಈ ಪತ್ರಿಕೆ ಅಚ್ಚಾಗುವುದೂ ಕರೆಂಟಿನಿಂದಲೇ. ಆದರೆ ಸತ್ತು ತೇಲಿದರಷ್ಟೇ ಕೇಡು ಎಂಬ ನಿಮ್ಮ ಲೆಕ್ಕವನ್ನು ನಾನು ಒಪ್ಪಲಾರೆ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೆಲ್ಯೂಸ್ ಎಂಬ ಕೆರೆ ಇದೆ. ಕಲ್ಲಿದ್ದಲು ಸ್ಥಾವರಕ್ಕೆ ತಣ್ಣೀರು ಒದಗಿಸಲೆಂದೇ ಕಟ್ಟಿದ್ದು. ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕದಡಿ ತಂದು ಒಂದು ಹೊಂಡಕ್ಕೆ ಸುರಿಯುತ್ತಿದ್ದರು. 1974ರಿಂದ ಆ ಬೂದಿ ಹೊಂಡದ ನೀರು ಅದೇ ಕೆರೆಗೆ ಬೀಳತೊಡಗಿತು. ಕೆಲವೇ ವರ್ಷ. ಅಲ್ಲಿದ್ದ 20 ಜಾತಿ ಮೀನುಗಳಲ್ಲಿ 19ರ ಸಂತಾನ ನಿಂತುಹೋಯಿತು!

ಕಲ್ಲಿದ್ದಲಿನಲ್ಲಿದ್ದ ಸೆಲೆನಿಯಂ ಎಂಬ, ಹೆಚ್ಚಾದರೆ ವಿಷವಾಗುವ ಧಾತು ಬೂದಿಗೆ ಬಂದು, ಬೂದಿಯಿಂದ ನೀರಿಗೆ ಇಳಿದಿತ್ತು. ಕೆರೆಯ ನೀರಿನಲ್ಲಿ ಅದು ಇದ್ದದ್ದು ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಹಾಕಿರುವ ಮಿತಿಯೂ ಅಷ್ಟೇ! ಆದರೆ ಪಾಚಿ ಅದನ್ನು ಹೀರುತ್ತದೆ, ಹುಳ ಪಾಚಿಯನ್ನು ತಿನ್ನುತ್ತದೆ, ಮೀನು ಹುಳವನ್ನು ತಿನ್ನುತ್ತದೆ. ಮೀನಿನ ಮೈ ಸೇರುವ ಹೊತ್ತಿಗೆ ಅದು ನೀರಿನಲ್ಲಿದ್ದದ್ದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ತಾಯಿ ಮೀನು ಗುಂಡಗೆ ಚೆನ್ನಾಗಿಯೇ ಓಡಾಡಿಕೊಂಡಿರಬಹುದು. ವಿಷವನ್ನು ಅದು ಮೊಟ್ಟೆಗೆ ದಾಟಿಸುತ್ತದೆ. ಮರಿ ಹೊರಬರುವಾಗ ಬೆನ್ನು ಸೊಟ್ಟ, ಕಣ್ಣು ಹೊರಚಾಚಿಕೊಂಡಿರುತ್ತದೆ, ಈಜುರೆಕ್ಕೆ ಅರ್ಧಂಬರ್ಧ. ಅಕ್ಕಿಕಾಳಿನಷ್ಟೂ ಇಲ್ಲದ ಅಂಥ ಮರಿ ಸತ್ತರೆ ದಡದಲ್ಲಿ ನಿಂತ ನಿಮಗೆ ಹೇಗೆ ಕಂಡೀತು ಹೇಳಿ?

1985ರ ಹೊತ್ತಿಗೆ ಬೂದಿ ನೀರನ್ನು ಕೆರೆಗೆ ಬಿಡುವುದು ನಿಂತಿತು. ಬೂದಿಯನ್ನು ನೀರು ಬೆರೆಸದೆ ಒಣಗಿದ್ದಂತೆಯೇ ಸಾಗಿಸತೊಡಗಿದರು. ಅಂದರೆ ದಾರಿ ಇತ್ತು, ಸ್ಥಾವರವೂ ನಡೆಯಿತು. ಆದರೂ ಹತ್ತು ವರ್ಷದ ಮೇಲೆ ನೋಡಿದಾಗ ಕೆರೆಯ ತಳದ ಕೆಸರಿನಲ್ಲಿ ಸೆಲೆನಿಯಂ ಉಳಿದೇ ಇತ್ತು. ಸೊಟ್ಟ ಮರಿಗಳೂ ಹುಟ್ಟುತ್ತಲೇ ಇದ್ದವು.

ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮಲ್ಲಿ ಬೂದಿ ಹೊಂಡದ ನೀರಿಗೆಂದೇ ಬರೆದಿಟ್ಟ ಮಾನದಂಡ ಕೇಳುವುದು ಹುಳಿ-ಕ್ಷಾರ ಎಷ್ಟು, ತೇಲುವ ಕಣ ಎಷ್ಟು, ಎಣ್ಣೆ-ಜಿಡ್ಡು ಎಷ್ಟು ಎಂದು. ಅದು ಮೀನಿನ ಮೊಟ್ಟೆಯ ಸುದ್ದಿಗೇ ಹೋಗುವುದಿಲ್ಲ. ಹೊಳೆಯನ್ನೇ ನಂಬಿ ಬದುಕುವ ಬೆಸ್ತರನ್ನು ಕರೆದು ಕೂರಿಸಿ ‘ಏನಪ್ಪಾ, ಮರಿ ಬೀಳ್ತಿದೆಯಾ?’ ಎಂದು ಕೇಳಿದ ಸಭೆಯನ್ನು ನಾನಂತೂ ನೋಡಿಲ್ಲ. ಕಡತದಲ್ಲಿ ನೀರು ಪಾಸಾದರೆ ಮುಗಿಯಿತು, ಅಲ್ವಾ?

ನೀವು ಹೊಳೆ ಕಡೆಯವರು, ಕಣ್ಣಿಟ್ಟು ನೋಡುವವರು ಎಂಬುದು ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಒಂದು ಕೆಲಸ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಮುಂದಿನ ಸಲ ಬಲೆ ಎಳೆಯುವ ಕಡೆ ಹೋಗಿ ನಿಂತುಕೊಳ್ಳಿ. ಸಣ್ಣ ಮೀನು ಎಷ್ಟು ಬಿತ್ತು, ಬರೀ ದೊಡ್ಡವೇ ಬೀಳುತ್ತಿವೆಯಾ, ಹತ್ತು ವರ್ಷದ ಹಿಂದೆ ಸಿಗುತ್ತಿದ್ದ ಯಾವ ಜಾತಿ ಈಗಿಲ್ಲ ಎಂದು ಅಲ್ಲಿನ ಹಿರಿಯರನ್ನು ಕೇಳಿ ಬರೆದು ಕಳಿಸಿ. ನಿಮ್ಮ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ.

– ಸಂಪಾದಕ